ಹಳೆಯ ಎಲೆಕ್ಟ್ರಿಕ್ ಕಾರು: ಎಂಟು ವರ್ಷಕ್ಕೆ ಬ್ಯಾಟರಿ ಸಾಯುತ್ತದೆಯೇ? ಮಾರುವ ಮುನ್ನ ಒಂದು ರಾತ್ರಿ ಅಳೆದು ನೋಡಿ

"ಎಲೆಕ್ಟ್ರಿಕ್ ಕಾರು ಇರುವವರು ಗಮನಿಸಿ!! ಎಂಟು ವರ್ಷ ತುಂಬಿದ ಕೂಡಲೇ ಬ್ಯಾಟರಿ ಸಾಯುತ್ತದೆ. ಹೊಸ ಬ್ಯಾಟರಿಗೆ ಕಾರಿನಷ್ಟೇ ದುಡ್ಡು. ಆರನೇ ವರ್ಷದೊಳಗೆ ಮಾರಿಬಿಡಿ. ನಿಮ್ಮ ಎಲ್ಲ ಗ್ರೂಪ್‌ಗಳಿಗೆ ಕಳಿಸಿ."

ರಾಣೆಬೆನ್ನೂರಿನ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿ, ಕೆಳಗೆ ತಮ್ಮದೊಂದು ಸಾಲು ಸೇರಿಸಿದ್ದರು: "ಮಾರಿಬಿಡ್ಲೇನ್ರಿ, ಇಟ್ಕೊಳ್ಲೇನ್ರಿ? ನಾಡಿದ್ದು ವ್ಯಾಪಾರಿ ಗಾಡಿ ನೋಡಾಕ ಬರ್ತಾನ."

ಅವರದು ಬೀಜದ ವ್ಯಾಪಾರ. ಮಡದಿ ಹಾವೇರಿಯಲ್ಲಿ ಶಿಕ್ಷಕಿ. 2020ರಲ್ಲಿ ಕೊಂಡ ಕಾರು, 30.2 ಯೂನಿಟ್ ಹಿಡಿಯುವ ಬ್ಯಾಟರಿ, ಓಡಿರುವುದು ಒಂದು ಲಕ್ಷ ಕಿ.ಮೀ. ಹತ್ತಿರ. ರಸ್ತೆಗಿಳಿಯುವಾಗ ಹದಿನೈದು ಲಕ್ಷ ದಾಟಿದ್ದ ಕಾರಿಗೆ ವ್ಯಾಪಾರಿ ಈಗ ಐದು ಲಕ್ಷ ಹೇಳುತ್ತಿದ್ದಾರಂತೆ. "ಮುಂದಿನ ವರ್ಷ ಇದೂ ಸಿಗಲ್ಲ" ಎಂಬ ಮಾತೂ ಜೊತೆಗಿದೆ. ದಿನಾ ಕಾರು ಓಡಿಸುವವರು ಮಡದಿ. ಕಾರು ಹೋದರೆ ಅವರು ಮತ್ತೆ ಬೆಳಗಿನ ಬಸ್ಸಿಗೆ ಓಡಬೇಕು, ಇಲ್ಲವೇ ಇನ್ನೊಂದು ಸಾಲ ಮಾಡಿ ಇನ್ನೊಂದು ಕಾರು ತರಬೇಕು. ಹಾಗಾಗಿ ಫಾರ್ವರ್ಡ್ ಸುಳ್ಳೋ ನಿಜವೋ ಎಂದು ಹೇಳಿ ಮುಗಿಸುವ ವಿಷಯ ಇದಲ್ಲ ಎನಿಸಿತು. ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇವೆ.

ಈ ನಂಬಿಕೆ ಬಂದದ್ದೆಲ್ಲಿಂದ?

ಬ್ಯಾಟರಿ ಎಂದರೆ ಕೆಲವೇ ವರ್ಷದ್ದು ಎಂಬ ಭಾವನೆ ನಮ್ಮ ರಾಜ್ಯದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಭಾರತದ ಮೊದಲ ಜನಪ್ರಿಯ ಎಲೆಕ್ಟ್ರಿಕ್ ಕಾರು ರೇವಾ ಬೆಂಗಳೂರಿನಲ್ಲೇ ತಯಾರಾಯಿತು. 2001ರಲ್ಲಿ ಮಾರುಕಟ್ಟೆಗೆ ಬಂದ ಆ ಪುಟ್ಟ ಕಾರು ಆಮೇಲೆ ಲಂಡನ್ ಬೀದಿಗಳಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡಾಡಿತು. ಅದರಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ, ಅಂದರೆ ನಮ್ಮ ಮನೆಯ ಇನ್ವರ್ಟರ್‌ನಲ್ಲಿ ಇರುವ ಜಾತಿಯದೇ. ಕೆಲವು ವರ್ಷಕ್ಕೊಮ್ಮೆ ಇಡೀ ಸೆಟ್ ಬದಲಾಯಿಸುವುದು ರೇವಾ ಇಟ್ಟುಕೊಂಡವರಿಗೆ ರೂಢಿಯಾಗಿಬಿಟ್ಟಿತ್ತು. ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಇವತ್ತಿನ ಪ್ರಶ್ನೆಯನ್ನು ಬೆಂಗಳೂರಿನ ರೇವಾ ಮಾಲೀಕರು ಹದಿನೈದು ವರ್ಷದ ಹಿಂದೆಯೇ ಎದುರಿಸಿದ್ದರು.

2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಹೋಯಿತು. 2013ರಲ್ಲಿ ಬಂದ ಇ-ಟು-ಒ ಕಾರಿನಲ್ಲಿ ಲಿಥಿಯಂ ಬ್ಯಾಟರಿ ಬಂತು. ಇಂದು ರಸ್ತೆಯಲ್ಲಿರುವ ಎಲೆಕ್ಟ್ರಿಕ್ ಕಾರುಗಳೆಲ್ಲ ಲಿಥಿಯಂನವೇ. ಬ್ಯಾಟರಿಯ ಜಾತಿ ಬದಲಾಯಿತು, ಇನ್ವರ್ಟರ್ ನೋಡಿ ಕಲಿತ ಲೆಕ್ಕ ಮಾತ್ರ ನಮ್ಮ ತಲೆಯಲ್ಲಿ ಹಾಗೇ ಉಳಿಯಿತು.

ಇನ್ನು 'ಎಂಟು ವರ್ಷ' ಎಂಬ ಸಂಖ್ಯೆ ವಾರಂಟಿ ಕಾಗದದಿಂದ ಬಂದದ್ದು. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಟ್ಟರು. ಬೇರೆ ಹಲವು ಕಂಪನಿಗಳೂ ಇದರ ಆಸುಪಾಸಿನಲ್ಲೇ ಇವೆ. ಆ ಮೊದಲ ತಂಡದ ಕಾರುಗಳಿಗೆ ವಾರಂಟಿ ಮುಗಿಯುವುದು 2028ರಲ್ಲಿ. ಫಾರ್ವರ್ಡ್ ಈಗ ಓಡಾಡುತ್ತಿರುವುದಕ್ಕೂ ಇದೇ ಕಾರಣವಿರಬಹುದು. ಆದರೆ ವಾರಂಟಿ ಎಂದರೆ ಕಂಪನಿ ಹೊಣೆ ಹೊರುವ ಅವಧಿ. ಎರಡು ವರ್ಷದ ಗ್ಯಾರಂಟಿ ಇದ್ದ ಫ್ಯಾನು ಇಪ್ಪತ್ತು ವರ್ಷದಿಂದ ನಮ್ಮ ತಲೆ ಮೇಲೆ ತಿರುಗುತ್ತಿಲ್ಲವೇ?

ಬ್ಯಾಟರಿ ಹೇಗೆ ಮುಪ್ಪಾಗುತ್ತದೆ

ಬ್ಯಾಡಗಿಯವರಿಗೆ ಇದನ್ನು ವಿವರಿಸುವುದು ಸುಲಭ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಕಡುಗೆಂಪು ಬಣ್ಣಕ್ಕೆ. ಒಣಗಿದ ಕಾಯಿಯನ್ನು ಬೇಸಿಗೆಯಲ್ಲಿ ಗೋದಾಮಿನಲ್ಲಿ ಸುಮ್ಮನೆ ಬಿಟ್ಟರೆ ಯಾರೂ ಮುಟ್ಟದಿದ್ದರೂ ಬಣ್ಣ ಇಳಿಯುತ್ತದೆ. ಅದಕ್ಕೇ ಊರ ಸುತ್ತ ಅಷ್ಟೊಂದು ಶೀತಲ ಗೃಹಗಳು. ಲಿಥಿಯಂ ಬ್ಯಾಟರಿಯ ಮುಪ್ಪಿನಲ್ಲೂ ಒಂದು ಪಾಲು ಇಂಥದ್ದೇ. ಕಾರು ಓಡಲಿ, ನಿಂತಿರಲಿ, ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ, ಕೆಲಸಕ್ಕೆ ಬರುವ ಲಿಥಿಯಂ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ಬಿಸಿ ಹೆಚ್ಚಾದಷ್ಟೂ ವೇಗ ಹೆಚ್ಚು. ಬ್ಯಾಟರಿ ಪೂರ್ತಿ ತುಂಬಿ ನಿಂತಿದ್ದರೂ ಹಾಗೆಯೇ. ಏಪ್ರಿಲ್ ಬಿಸಿಲಿನಲ್ಲಿ ಶೇ 100 ಚಾರ್ಜ್ ಮಾಡಿ ದಿನವಿಡೀ ಬಯಲಲ್ಲಿ ನಿಲ್ಲಿಸಿದ ಕಾರಿಗೆ ಎರಡೂ ಪೆಟ್ಟು ಒಟ್ಟಿಗೇ ಬೀಳುತ್ತವೆ.

ಇನ್ನೊಂದು ಪಾಲು ಬಳಕೆಯಿಂದ ಬರುವ ಮುಪ್ಪು. ತುಂಬಿಸಿ ಖಾಲಿ ಮಾಡಿದಷ್ಟು ಸಲವೂ ಒಂದಿಷ್ಟು ಸವೆತ. ಸದಾ ಫಾಸ್ಟ್ ಚಾರ್ಜರ್ ಮೇಲೇ ಅವಲಂಬಿತರಾದರೆ ಸವೆತ ತುಸು ಹೆಚ್ಚು.

ಬಿಸಿಯ ಬಗ್ಗೆ ಒಂದು ಹಳೆಯ ಪಾಠವಿದೆ. 2012ರಲ್ಲಿ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಸುತ್ತಮುತ್ತ, ಎರಡೇ ವರ್ಷದ ನಿಸಾನ್ ಲೀಫ್ ಕಾರುಗಳ ಬ್ಯಾಟರಿ ಸಾಮರ್ಥ್ಯ ಕುಸಿಯಿತೆಂದು ಮಾಲೀಕರು ದೂರಿದರು. ಆ ಕಾರಿನ ಬ್ಯಾಟರಿಯನ್ನು ದ್ರವದಿಂದ ತಂಪಾಗಿಡುವ ವ್ಯವಸ್ಥೆ ಇರಲಿಲ್ಲ, ಅಲ್ಲಿಯ ಬೇಸಿಗೆಯೋ ನಮ್ಮ ಕಲಬುರಗಿಯನ್ನೂ ಮೀರಿಸುವಂಥದ್ದು. ಗದ್ದಲದ ನಂತರ ಕಂಪನಿ ಸಾಮರ್ಥ್ಯ ಕುಸಿತಕ್ಕೂ ವಾರಂಟಿ ಘೋಷಿಸಿತು. ಅಲ್ಲಿಂದಾಚೆ ಬಂದ ಬಹುತೇಕ ಕಾರುಗಳಲ್ಲಿ ಬ್ಯಾಟರಿಯ ಸುತ್ತ ಕೂಲೆಂಟ್ ಹರಿಯುತ್ತದೆ. ನಿಮ್ಮ ಹಳೆಯ ಕಾರಿನಲ್ಲಿ ಇದು ಇದೆಯೇ ಇಲ್ಲವೇ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನೆಕ್ಸಾನ್ ಇವಿಯಲ್ಲಿ ಮೊದಲ ಮಾದರಿಯಿಂದಲೂ ಇದೆ.

ಸರಾಸರಿ ಸವೆತ ಎಷ್ಟು? ವಾಹನಗಳ ದತ್ತಾಂಶ ಸಂಗ್ರಹಿಸುವ ಜಿಯೋಟ್ಯಾಬ್ ಎಂಬ ಕೆನಡಾದ ಕಂಪನಿ ಸಾವಿರಾರು ಕಾರುಗಳನ್ನು ನೋಡಿ, 2020ರಲ್ಲಿ ವರ್ಷಕ್ಕೆ ಶೇ 2.3 ಎಂದಿತ್ತು. 2024ರಲ್ಲಿ ಹೊಸ ಮಾದರಿಗಳನ್ನೂ ಸೇರಿಸಿ ನೋಡಿದಾಗ ಶೇ 1.8ಕ್ಕೆ ಇಳಿದಿತ್ತು. ಅವುಗಳಲ್ಲಿ ಹೆಚ್ಚಿನವು ನಮಗಿಂತ ತಂಪು ದೇಶದ ಕಾರುಗಳು ಎಂಬುದನ್ನು ಮರೆಯಬಾರದು. ನಮ್ಮ ಬಿಸಿಲಿಗೆ ಇನ್ನಷ್ಟು ಸೇರಿಸಿಕೊಂಡರೂ ಎಂಟು ವರ್ಷಕ್ಕೆ ಶೇ 15ರಿಂದ 20ರಷ್ಟು ಇಳಿಯುವುದು ಸಹಜ. ಅಂದರೆ ಶೇ 80ರಷ್ಟು ಉಳಿದಿರುತ್ತದೆ. 2022ರಲ್ಲಿ ವಿಶ್ವಸಂಸ್ಥೆಯ ವಾಹನ ನಿಯಮ ವೇದಿಕೆ ಒಪ್ಪಿದ ಮಾನದಂಡವೂ ಹೆಚ್ಚುಕಡಿಮೆ ಇದೇ ಧಾಟಿಯದು: 5 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಕನಿಷ್ಠ ಶೇ 80, 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಕನಿಷ್ಠ ಶೇ 70 ಉಳಿದಿರಬೇಕು.

ಒಂದು ಎಚ್ಚರಿಕೆ ಮಾತ್ರ ಇರಲಿ. ಸವೆತ ಕೊನೆಯವರೆಗೂ ಒಂದೇ ವೇಗದಲ್ಲಿ ಸಾಗುತ್ತದೆ ಎನ್ನಲಾಗದು. ಒಂದು ಹಂತ ದಾಟಿದ ಮೇಲೆ ಕೆಲವು ಬ್ಯಾಟರಿಗಳು ಬೇಗ ಕುಸಿಯುತ್ತವೆ. ಹಾಗಾಗಿ "ಲಿಥಿಯಂ ಬ್ಯಾಟರಿಗೆ ಏನೂ ಆಗಲ್ಲ, ಇಪ್ಪತ್ತು ವರ್ಷ ಬರುತ್ತೆ" ಎಂಬ ಎದುರು ಫಾರ್ವರ್ಡ್ ಬಂದರೆ ಅದನ್ನೂ ಮುಂದೆ ಕಳಿಸಬೇಡಿ.

ಹಾಗಿದ್ದರೆ ಬೆಲೆ ಯಾಕೆ ಇಷ್ಟು ಬಿದ್ದಿದೆ?

ಎರಡು ಕಾರಣಗಳು ನಮಗೆ ಕಾಣುತ್ತವೆ. ಒಂದು, ಹೊಸ ಕಾರಿನ ಬೆಲೆಯೇ ಇಳಿದಿದೆ. 2020ರಲ್ಲಿ ನೆಕ್ಸಾನ್ ಇವಿಯ ಷೋರೂಂ ಬೆಲೆ 13.99 ಲಕ್ಷದಿಂದ ಆರಂಭವಾಗಿತ್ತು. 2024ರ ಹೊತ್ತಿಗೆ ಅದೇ ಹೆಸರಿನ ಹೊಸ ಮಾದರಿ 12.49 ಲಕ್ಷದಿಂದ ಸಿಗತೊಡಗಿತು. ಬ್ಲೂಮ್‌ಬರ್ಗ್ ಎನ್ಇಎಫ್ ಸಮೀಕ್ಷೆಯ ಪ್ರಕಾರ ಜಾಗತಿಕವಾಗಿ ಒಂದು ಯೂನಿಟ್ ಸಾಮರ್ಥ್ಯದ ಬ್ಯಾಟರಿ ಪ್ಯಾಕ್‌ಗೆ 2024ರಲ್ಲಿ ಸರಾಸರಿ 115 ಡಾಲರ್. 2010ರಲ್ಲಿ ಇದು ಸಾವಿರ ಡಾಲರ್ ದಾಟಿತ್ತು. ಹೊಸದು ಅಗ್ಗವಾದಾಗ ಹಳೆಯದು ಇನ್ನಷ್ಟು ಅಗ್ಗವಾಗಲೇಬೇಕು, ಮೊಬೈಲ್ ಫೋನಿನ ಹಾಗೆ. ಇದರಲ್ಲಿ ನಿಮ್ಮ ಕಾರಿನ ತಪ್ಪೇನೂ ಇಲ್ಲ. (115 ಡಾಲರ್ ಎಂಬುದು ಕಾರ್ಖಾನೆ ಮಟ್ಟದ ಸರಾಸರಿ. ಸರ್ವಿಸ್ ಸೆಂಟರ್‌ನಲ್ಲಿ ಬಿಡಿಯಾಗಿ ಬದಲಾಯಿಸಿದರೆ ತೆರಿಗೆ, ಸಾಗಣೆ, ಕೂಲಿ ಎಲ್ಲ ಸೇರಿ ಬಿಲ್ ಬಹಳ ಮೇಲೆ ಹೋಗುತ್ತದೆ.)

ಎರಡನೆಯ ಕಾರಣ ನಮಗೆ ಹೆಚ್ಚು ಮುಖ್ಯ ಎನಿಸುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿದಾರ ಮೆಣಸಿನಕಾಯಿಯನ್ನು ಕೈಗೆತ್ತಿಕೊಂಡು ನೋಡುತ್ತಾನೆ, ಮುರಿಯುತ್ತಾನೆ, ಬಣ್ಣ ನೋಡಿ ಬೆಲೆ ಬರೆಯುತ್ತಾನೆ. ಬಾಯಿ ಹೊಲಿದ ಚೀಲವನ್ನು ಒಳಗೇನಿದೆ ಎಂದು ನೋಡದೆ ಕೊಳ್ಳಬೇಕಾಗಿ ಬಂದರೆ? ಅತಿ ಕೆಟ್ಟ ಕಾಯಿ ಇರಬಹುದೆಂದು ಊಹಿಸಿಯೇ ಬೆಲೆ ಹೇಳುತ್ತಾನೆ. ಹಳೆಯ ಎಲೆಕ್ಟ್ರಿಕ್ ಕಾರು ಸದ್ಯಕ್ಕೆ ಬಾಯಿ ಹೊಲಿದ ಚೀಲ. ಪೆಟ್ರೋಲ್ ಕಾರಿನ ಎಂಜಿನ್ ಸದ್ದು ಕೇಳಿ, ಹೊಗೆ ನೋಡಿ ಮೆಕ್ಯಾನಿಕ್ ಹೇಳಿಬಿಡುತ್ತಾನೆ. ಬ್ಯಾಟರಿಗೆ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಪ್ರಬಂಧ ಇದೇ ಹಳೇ ಕಾರಿನ ಸಂತೆಯ ಕುರಿತಾದದ್ದು. ಒಳಗಿನ ಗುಣ ಕೊಳ್ಳುವವನಿಗೆ ಕಾಣದಿದ್ದಾಗ ಒಳ್ಳೆಯ ಕಾರಿಗೂ ಕೆಟ್ಟ ಕಾರಿನ ಬೆಲೆಯೇ ಬರುತ್ತದೆ, ಒಳ್ಳೆಯ ಕಾರು ಇದ್ದವರು ಮಾರುಕಟ್ಟೆಗೇ ಬರುವುದಿಲ್ಲ ಎಂದು ಅವರು ತೋರಿಸಿದರು. 2001ರ ನೊಬೆಲ್ ಹಂಚಿಕೊಂಡದ್ದಕ್ಕೆ ಈ ಕೆಲಸವೂ ಕಾರಣ.

ಐದು ಲಕ್ಷ ಎಂದು ವ್ಯಾಪಾರಿ ಹೇಳಿದ್ದು ನಮ್ಮ ಓದುಗರ ಬ್ಯಾಟರಿ ನೋಡಿ ಅಲ್ಲ. ಅವರು ಬ್ಯಾಟರಿ ನೋಡಿಯೇ ಇಲ್ಲ.

ಚೀಲ ಬಿಚ್ಚುವುದು ಹೇಗೆ

ಸರಿಯಾದ ದಾರಿ, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಆರೋಗ್ಯದ ವರದಿ ಕೇಳುವುದು. 'ಸ್ಟೇಟ್ ಆಫ್ ಹೆಲ್ತ್' ಎಂದು ಕರೆಯುತ್ತಾರೆ, ಶೇಕಡಾವಾರು ಬರುತ್ತದೆ. "ಚೆನ್ನಾಗೈತ್ರಿ, ಏನೂ ಪ್ರಾಬ್ಲಂ ಇಲ್ಲ" ಎಂಬ ಬಾಯಿಮಾತು ಸಾಲದು, ಕಾಗದದ ಮೇಲೆ ಕೇಳಿ. ಸೆಲ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನೂ ಕೇಳಿ. ಸೆಲ್‌ಗಳನ್ನು ಸಾಲಾಗಿ ಪೋಣಿಸಿರುವುದರಿಂದ ದುರ್ಬಲ ಸೆಲ್ ಒಂದೇ ಇದ್ದರೂ ಇಡೀ ಬ್ಯಾಟರಿ ಅದರ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಆ ಭಾಗವನ್ನಷ್ಟೇ ಬದಲಾಯಿಸಬಹುದು. ಹಾವೇರಿಯ ಏಲಕ್ಕಿ ಹಾರದಲ್ಲಿ ಒಂದು ಕಾಯಿ ಕೆಟ್ಟರೆ ಹಾರವನ್ನೇ ಎಸೆಯುತ್ತೇವೆಯೇ? "ಇಡೀ ಪ್ಯಾಕ್ ಬದಲಾಯಿಸಬೇಕು" ಎಂದು ಯಾರಾದರೂ ಹೇಳಿದರೆ, ಯಾವ ಮಾಡ್ಯೂಲ್ ಹೋಗಿದೆ ಎಂದು ತಿರುಗಿ ಕೇಳುವುದು ನಿಮ್ಮ ಹಕ್ಕು.

ಸರ್ವಿಸ್ ಸೆಂಟರ್ ದೂರವಿದ್ದರೆ ಮನೆಯಲ್ಲೇ ಒಂದು ಅಂದಾಜು ಪರೀಕ್ಷೆ ಮಾಡಬಹುದು. ಬೇಕಾದದ್ದು ಹೆಸ್ಕಾಂ ಮೀಟರ್ ಮತ್ತು ಒಂದು ರಾತ್ರಿ.

ಸಂಜೆ ಕಾರನ್ನು ಶೇ 20ಕ್ಕೆ ಇಳಿಸಿ ಮನೆಗೆ ತನ್ನಿ. ಮೀಟರ್ ರೀಡಿಂಗ್ ಫೋಟೊ ತೆಗೆದುಕೊಂಡು ಎಂದಿನ ಪ್ಲಗ್ಗಿಗೆ ಹಾಕಿ. ಬೆಳಗ್ಗೆ ಶೇ 100 ಆದ ಮೇಲೆ ಮತ್ತೆ ಫೋಟೊ ತೆಗೆಯಿರಿ. ಎರಡರ ವ್ಯತ್ಯಾಸದಲ್ಲಿ ಫ್ರಿಜ್ಜು, ಫ್ಯಾನಿನ ಪಾಲನ್ನು ಕಳೆಯಿರಿ. ಅದು ಎಷ್ಟೆಂದು ತಿಳಿಯಲು, ಕಾರು ಚಾರ್ಜ್ ಮಾಡದ ಒಂದು ರಾತ್ರಿ ಅಷ್ಟೇ ಗಂಟೆಗಳ ರೀಡಿಂಗ್ ತೆಗೆದಿಟ್ಟುಕೊಂಡಿರಿ.

ಈಗ ಲೆಕ್ಕ. 30.2 ಯೂನಿಟ್ ಬ್ಯಾಟರಿಯ ಶೇ 80 ಭಾಗ ಎಂದರೆ ಸುಮಾರು 24 ಯೂನಿಟ್. ಚಾರ್ಜ್ ಆಗುವಾಗ ಬಿಸಿಯ ರೂಪದಲ್ಲಿ ಶೇ 10ರಿಂದ 15ರಷ್ಟು ಪೋಲಾಗುತ್ತದೆ. ಹಾಗಾಗಿ ಹೊಸದಾಗಿದ್ದಾಗ ಮೀಟರ್ 27-28 ಯೂನಿಟ್ ತೋರಿಸುತ್ತಿತ್ತು ಎಂದಿಟ್ಟುಕೊಳ್ಳಿ. ಈಗ 23-24 ತೋರಿಸಿದರೆ ಬ್ಯಾಟರಿ ಶೇ 85ರ ಆಸುಪಾಸಿನಲ್ಲಿದೆ. 19-20 ತೋರಿಸಿದರೆ ಶೇ 70ರ ಹತ್ತಿರ, ಕೂಡಲೇ ವಾರಂಟಿ ಪುಸ್ತಕ ಹೊರತೆಗೆಯಿರಿ. ಪರದೆಯ ಮೇಲಿನ ಶೇಕಡಾವಾರು ಸ್ವಲ್ಪ ಹಿಂದೆಮುಂದೆ ಇರುವುದರಿಂದ ಎರಡು ಮೂರು ಸಲ ಮಾಡಿ ಸರಾಸರಿ ನೋಡುವುದು ವಾಸಿ. ಬೇರೆ ಕಾರಾದರೆ 30.2ರ ಜಾಗದಲ್ಲಿ ನಿಮ್ಮ ಬ್ಯಾಟರಿಯ ಸಂಖ್ಯೆ ಹಾಕಿಕೊಳ್ಳಿ.

ಪರದೆಯಲ್ಲಿ ಕಾಣುವ "ಇನ್ನು ಇಷ್ಟು ಕಿ.ಮೀ. ಓಡುತ್ತದೆ" ಎಂಬ ಅಂಕಿಯನ್ನು ಮಾತ್ರ ನಂಬಬೇಡಿ. ಅದು ನೀವು ಈಚೆಗೆ ಹೇಗೆ ಓಡಿಸಿದ್ದೀರಿ ಎಂಬುದರ ಮೇಲೆ ಕುಣಿಯುತ್ತದೆ. ಮೆಲ್ಲಗೆ ಊರೊಳಗೆ ಓಡಿಸಿದರೆ ಏರುತ್ತದೆ, ಹೆದ್ದಾರಿಯಲ್ಲಿ ನೂರರ ಮೇಲೆ ಹೋಗಿ ಬಂದರೆ ಇಳಿಯುತ್ತದೆ.

ನಿಮ್ಮ ರಸ್ತೆ ಯಾವುದು?

ಶೇ 85 ಎಂಬ ಸಂಖ್ಯೆ ಒಳ್ಳೆಯದೋ ಕೆಟ್ಟದ್ದೋ? ಅದು ನೀವು ಎಲ್ಲಿಗೆ ಹೋಗುತ್ತೀರಿ ಎಂಬುದರ ಮೇಲಿದೆ.

ಮೊದಲ ನೆಕ್ಸಾನ್ ಇವಿಗೆ ಪ್ರಮಾಣಪತ್ರದ ಮೇಲೆ 312 ಕಿ.ಮೀ. ಇತ್ತು. ನಿಜವಾದ ಓಡಾಟದಲ್ಲಿ 200ರ ಆಸುಪಾಸು. ಅದರ ಶೇ 85 ಎಂದರೆ 170. ರಾಣೆಬೆನ್ನೂರಿನಿಂದ ಹಾವೇರಿ ಸುಮಾರು 35 ಕಿ.ಮೀ. ಹೋಗಿಬರಲು 70. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಸುತ್ತಿ ಮನೆಗೆ ಬಂದರೂ ನೂರು ಕಿ.ಮೀ. ದಾಟುವುದಿಲ್ಲ. ಈ ತ್ರಿಕೋನದೊಳಗೆ ಓಡುವ ಕಾರಿಗೆ ಬ್ಯಾಟರಿ ಶೇ 70ಕ್ಕೆ ಇಳಿದರೂ ದಿನದ ಕೆಲಸ ನಿಲ್ಲುವುದಿಲ್ಲ. ಮನೆಯಲ್ಲಿ ಪ್ಲಗ್ ಇದ್ದರೆ ಸಾಕು. ದೊಡ್ಡ ನಗರದವರಿಗೆ 'ಹಳೆಯದು' ಆದ ಕಾರು ಇಂಥ ಊರುಗಳಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲದು.

ದುಡ್ಡಿನ ಲೆಕ್ಕವನ್ನೂ ನೋಡೋಣ. ಓದುಗರ ಮನೆಯಲ್ಲಿ ಕಾರು ತಿಂಗಳಿಗೆ ಸುಮಾರು 1,600 ಕಿ.ಮೀ. ಓಡುತ್ತದೆ. ಮೀಟರಿನ ಒಂದು ಯೂನಿಟ್‌ಗೆ 6 ಕಿ.ಮೀ. ಹಿಡಿದರೆ 267 ಯೂನಿಟ್. ಇಲ್ಲೊಂದು ತೊಡಕು ಇದೆ, ಹಲವರು ಕೇಳುತ್ತಾರೆ. ಮನೆಯ ಬಳಕೆಯೂ ಸೇರಿ 200 ಯೂನಿಟ್ ದಾಟಿದರೆ ಗೃಹಜ್ಯೋತಿಯ ಉಚಿತ ವಿದ್ಯುತ್ ಆ ತಿಂಗಳು ಸಿಗುವುದಿಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅದನ್ನೂ ಕಾರಿನ ಖರ್ಚಿಗೇ ಸೇರಿಸೋಣ. ಮನೆಯದು 80, ಕಾರಿನದು 267, ಯೂನಿಟ್‌ಗೆ 6 ರೂಪಾಯಿ ಆಸುಪಾಸು, ಮೇಲೆ ನಿಗದಿತ ಶುಲ್ಕ, ತೆರಿಗೆ. ಎಲ್ಲ ಸೇರಿ ಮೂರು ಸಾವಿರದ ಹತ್ತಿರ. ಅಷ್ಟೇ ದೂರಕ್ಕೆ ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 107 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ಹತ್ತು ಸಾವಿರದ ಏಳುನೂರು. ತಿಂಗಳಿಗೆ ಏಳು ಸಾವಿರಕ್ಕೂ ಹೆಚ್ಚು ಉಳಿತಾಯ. ವಾರಂಟಿ ಮುಗಿಯಲು ಇನ್ನೆರಡು ವರ್ಷ ಇದೆ ಎಂದರೆ ಒಂದೂಮುಕ್ಕಾಲು ಲಕ್ಷ. ಅಷ್ಟರಲ್ಲಿ ಕಾರಿನ ಬೆಲೆ ಐದರಿಂದ ಮೂರೂವರೆಗೆ ಬಿದ್ದರೂ ಕೈಯಿಂದ ಹೋದದ್ದೇನಿಲ್ಲ. ಹೊಸ ಕಾರಿನ ಸಾಲದ ಬಡ್ಡಿಯನ್ನು ನಾವು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಹದಿನೈದು ಲಕ್ಷದ ಕಾರು ಐದಕ್ಕೆ ಬಂತು ಎಂಬ ನೋವು ನಮಗೆ ಅರ್ಥವಾಗುತ್ತದೆ. ಆದರೆ ಆ ಹತ್ತು ಲಕ್ಷ ಈಗಾಗಲೇ ಹೋಗಿದೆ. ಮಾರಿದರೂ ಬರುವುದಿಲ್ಲ, ಇಟ್ಟುಕೊಂಡರೂ ಬರುವುದಿಲ್ಲ. ಇನ್ನು ಮುಂದಿನ ಎರಡು ವರ್ಷದಲ್ಲಿ ಏನಾಗುತ್ತದೆ ಎಂಬುದನ್ನಷ್ಟೇ ನೋಡಬೇಕು.

ಮಾರುವುದೇ ಸರಿ ಎನ್ನುವವರು

ಎಲ್ಲರಿಗೂ ಇಟ್ಟುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗುವವರು, ಮನೆಯಲ್ಲಿ ಇದೊಂದೇ ಕಾರು ಇರುವವರು ಬೇರೆ ಲೆಕ್ಕ ಹಾಕಬೇಕು. ರಾಣೆಬೆನ್ನೂರಿನಿಂದ ಬೆಂಗಳೂರು 300 ಕಿ.ಮೀ. ಮೇಲೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವೇಗವಾಗಿ ಹೋದಾಗ ಬ್ಯಾಟರಿ ಬೇಗ ಇಳಿಯುತ್ತದೆ. ಹೊಸದರಲ್ಲಿ ಒಂದೋ ಎರಡೋ ಕಡೆ ನಿಲ್ಲುತ್ತಿದ್ದವರು ಈಗ ಇನ್ನೊಂದು ಕಡೆ ನಿಲ್ಲಬೇಕಾದೀತು. ಹಳೆಯ ಮಾದರಿಗಳು ಫಾಸ್ಟ್ ಚಾರ್ಜರ್‌ನಲ್ಲೂ ಒಂದು ಗಂಟೆ ತೆಗೆದುಕೊಳ್ಳುತ್ತವೆ, ಹೆದ್ದಾರಿಯಲ್ಲಿ ಯೂನಿಟ್ ದರ ಮನೆಯದಕ್ಕಿಂತ ಹಲವು ಪಟ್ಟು. ಆಸ್ಪತ್ರೆಗೆ ಹುಬ್ಬಳ್ಳಿಗೆ ರಾತ್ರೋರಾತ್ರಿ ಓಡಬೇಕಾದ ವಯಸ್ಸಾದವರು ಮನೆಯಲ್ಲಿದ್ದಾಗ ಶೇ 30 ಚಾರ್ಜ್ ನೋಡಿ ಎದೆ ಡವಗುಟ್ಟುವುದು ಲೆಕ್ಕದ ಪುಸ್ತಕಕ್ಕೆ ಬಾರದ ಖರ್ಚು.

ಮನೆಯಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಇಲ್ಲದವರಿಗೂ ಇದೇ ಮಾತು. ಕಂಪನಿ ಆ ಮಾದರಿಯನ್ನೇ ನಿಲ್ಲಿಸಿದ್ದು, ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯುವ ಸ್ಥಿತಿ ಇದ್ದರೆ, ವಾರಂಟಿಯೂ ಮುಗಿದಿದ್ದರೆ, ಹೆಚ್ಚು ಯೋಚಿಸಬೇಡಿ.

ಮಾರಲೇಬೇಕು ಎಂದಾದರೆ ವಾರಂಟಿ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿರುವಾಗ ಮಾರಿ. ಫಾರ್ವರ್ಡ್‌ನಲ್ಲಿ ಸತ್ಯದ ಅಂಶ ಇರುವುದು ಇಷ್ಟೇ. ಬ್ಯಾಟರಿ ಆ ದಿನ ಸಾಯುವುದಿಲ್ಲ, ಆದರೆ ಕೊಳ್ಳುವವನ ಧೈರ್ಯ ಆ ದಿನ ಸಾಯುತ್ತದೆ. ವಾರಂಟಿ ಎರಡನೇ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಈಚೆಗೆ ಬಂದಿರುವ 'ಜೀವಮಾನ' ವಾರಂಟಿಗಳು ಮೊದಲ ಮಾಲೀಕರಿಗೆ ಮಾತ್ರ ಎಂಬ ಷರತ್ತು ಹೊಂದಿರುವುದುಂಟು. ಬ್ಯಾಟರಿ ವರದಿ, ಸರ್ವಿಸ್ ಬಿಲ್ಲುಗಳನ್ನು ಕೈಯಲ್ಲಿ ಹಿಡಿದು ಮಾತಿಗೆ ಕೂರಿ. ಚೀಲದ ಬಾಯಿ ಬಿಚ್ಚಿದ ಮೇಲೆ ಬೆಲೆ ಕೇಳುವ ಧಾಟಿಯೇ ಬೇರೆ.

ಸುಳ್ಳು ಸಾವು, ಸುಳ್ಳು ತೆರಿಗೆ

ಬೆಳಗ್ಗೆ ಕಾರು ಆನ್ ಆಗುವುದಿಲ್ಲ, ಪರದೆ ಕಪ್ಪು. "ಬ್ಯಾಟರಿ ಹೋಯ್ತು" ಎಂದು ಮನೆಯವರೆಲ್ಲ ಕಂಗಾಲಾಗುತ್ತಾರೆ. ಬಹಳ ಸಲ ಹೋಗಿರುವುದು ದೊಡ್ಡ ಬ್ಯಾಟರಿ ಅಲ್ಲ, 12 ವೋಲ್ಟಿನ ಚಿಕ್ಕ ಬ್ಯಾಟರಿ. ಎಲೆಕ್ಟ್ರಿಕ್ ಕಾರಿನಲ್ಲೂ ದೀಪ, ಲಾಕ್, ಕಂಪ್ಯೂಟರ್ ನಡೆಯುವುದು ಅದರಿಂದಲೇ. ಅದು ಕೈಕೊಟ್ಟರೆ ತುಂಬಿದ ದೊಡ್ಡ ಬ್ಯಾಟರಿ ಇದ್ದೂ ಕಾರು ಎಚ್ಚರವಾಗುವುದಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ, ಕೆಲವೇ ಸಾವಿರ ರೂಪಾಯಿಯ ಸಾಮಾನು ಅದು. ಈ ಒಂದು ತಪ್ಪು ತಿಳಿವಳಿಕೆಯಿಂದ ಕಾರನ್ನು ಗುಜರಿ ಬೆಲೆಗೆ ಕೊಟ್ಟವರು ಇರಬಹುದೆಂದು ನಮಗೆ ಅನುಮಾನ.

ಹಳೆಯ ಬ್ಯಾಟರಿ ಮನೆ ಮುಂದೆ ಸ್ಫೋಟಿಸುತ್ತದೆ ಎಂಬ ವಿಡಿಯೊಗಳ ಬಗ್ಗೆಯೂ ಒಂದು ಮಾತು. 2022ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಹಲವು ಘಟನೆಗಳು ನಡೆದದ್ದು ನಿಜ, ಆಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತಾ ಮಾನದಂಡಗಳನ್ನು ಬಿಗಿ ಮಾಡಿತು. ವಯಸ್ಸಿಗಿಂತ ಅಪಾಯಕಾರಿಯಾದದ್ದು ಪೆಟ್ಟು ಮತ್ತು ನೀರು. ಕಾರಿನ ಅಡಿಭಾಗ ಕಲ್ಲಿಗೆ ಬಡಿದಿದ್ದರೆ, ನೆರೆ ನೀರಿನಲ್ಲಿ ನಿಂತಿದ್ದರೆ, ಅಡಿಯಿಂದ ತಪಾಸಣೆ ಮಾಡಿಸದೆ ಇಟ್ಟುಕೊಳ್ಳಲೂ ಬೇಡಿ, ಮುಚ್ಚಿಟ್ಟು ಮಾರಲೂ ಬೇಡಿ.

ಇನ್ನೊಂದು ಫಾರ್ವರ್ಡ್ 2024ರ ಡಿಸೆಂಬರ್‌ನಿಂದ ಸುತ್ತುತ್ತಿದೆ: "ಹಳೆ ಎಲೆಕ್ಟ್ರಿಕ್ ಕಾರು ಮಾರಿದರೆ ನೀವು ಶೇ 18 ಜಿಎಸ್‌ಟಿ ಕಟ್ಟಬೇಕು, ನಷ್ಟಕ್ಕೆ ಮಾರಿದರೂ!" ಅದು ಸುಳ್ಳು. ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆ ಹಳೆಯ ವಾಹನಗಳ ದರವನ್ನು ಶೇ 12ರಿಂದ 18ಕ್ಕೆ ಏರಿಸಿದ್ದು ಹೌದು, ಎಲೆಕ್ಟ್ರಿಕ್ ಕಾರೂ ಅದರಲ್ಲಿದೆ. ಆದರೆ ಅದು ಜಿಎಸ್‌ಟಿ ನೋಂದಣಿ ಇರುವ ಮಾರಾಟಗಾರರಿಗೆ, ಅದೂ ಕೊಂಡ ಮತ್ತು ಮಾರಿದ ಬೆಲೆಯ ನಡುವಿನ ಲಾಭದ ಮೇಲೆ ಮಾತ್ರ. ಲಾಭವೇ ಇಲ್ಲದಿದ್ದರೆ ತೆರಿಗೆಯೂ ಇಲ್ಲ. ಮನೆ ಬಳಕೆಯ ಕಾರನ್ನು ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಮಾರಿದರೆ ಜಿಎಸ್‌ಟಿ ಅನ್ವಯಿಸುವುದಿಲ್ಲ.

ಇದರಲ್ಲಿ ವ್ಯಾಪಾರಸ್ಥರಿಗೆ ಮಾತ್ರ ಒಂದು ಸಿಕ್ಕು ಇದೆ, ಬ್ಯಾಡಗಿ ಮತ್ತು ರಾಣೆಬೆನ್ನೂರಿನವರು ಗಮನಿಸಬೇಕು. ಕಾರು ಜಿಎಸ್‌ಟಿ ನೋಂದಣಿ ಇರುವ ಅಂಗಡಿಯ ಹೆಸರಿನಲ್ಲಿದ್ದು, ಆದಾಯ ತೆರಿಗೆಯಲ್ಲಿ ಪ್ರತಿ ವರ್ಷ ಸವಕಳಿ ತೋರಿಸಿದ್ದರೆ, 'ಲಾಭ' ಲೆಕ್ಕ ಹಾಕುವುದು ಸವಕಳಿ ಕಳೆದು ಪುಸ್ತಕದಲ್ಲಿ ಉಳಿದ ಬೆಲೆಯಿಂದ. ಪುಸ್ತಕದಲ್ಲಿ ಎರಡು ಲಕ್ಷಕ್ಕೆ ಇಳಿದ ಕಾರನ್ನು ಐದಕ್ಕೆ ಮಾರಿದರೆ ಮೂರು ಲಕ್ಷದ ಮೇಲೆ ಶೇ 18 ಬೀಳುತ್ತದೆ, ಅಂದರೆ 54 ಸಾವಿರ. ವ್ಯಾಪಾರಿಗೆ ಹೂಂ ಅನ್ನುವ ಮುನ್ನ ಆಡಿಟರ್‌ಗೆ ಫೋನ್ ಮಾಡಿ.

ನಮ್ಮ ಓದುಗರ ಕಾರು ಅಂಗಡಿಯ ಹೆಸರಿನಲ್ಲಿಲ್ಲ, ಮಡದಿಯ ಹೆಸರಿನಲ್ಲಿದೆ. ಮೀಟರ್ ಪರೀಕ್ಷೆ ಮೂರು ರಾತ್ರಿ ಮಾಡಿ ಫೋಟೊ ಕಳಿಸಿದ್ದರು, ಸರಾಸರಿ 23 ಯೂನಿಟ್ ಬಂದಿದೆ. ವ್ಯಾಪಾರಿಗೆ ಸದ್ಯಕ್ಕೆ ಬೇಡ ಎಂದಿದ್ದಾರಂತೆ. ಮಡದಿ ಇನ್ನೊಂದು ಪ್ರಶ್ನೆ ಕೇಳಿದ್ದರು: ಮುಂದೆ ಮಾರುವ ದಿನ ಬಂದರೆ ಆರ್‌ಟಿಒ ಕಾಗದದ ಹೊರತಾಗಿ ಏನು ಮರೆಯಬಾರದು? ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ವರ್ಗಾವಣೆ ನಿಜಕ್ಕೂ ಆಯಿತೇ ಎಂದು ಪರಿವಾಹನ್ ತಾಣದಲ್ಲಿ ಖಚಿತಪಡಿಸಿಕೊಳ್ಳುವುದು, ಫಾಸ್ಟ್ಯಾಗ್ ರದ್ದು. ಜೊತೆಗೆ ನಿಮ್ಮ ಫೋನಿನಲ್ಲಿರುವ ಕಾರಿನ ಆ್ಯಪ್‌ನಿಂದ ಕಾರನ್ನು ಬಿಡಿಸಿ. ಬಿಡಿಸದಿದ್ದರೆ ಮಾರಿ ತಿಂಗಳಾದ ಮೇಲೂ ಹೊಸ ಮಾಲೀಕರು ಎಲ್ಲಿ ನಿಂತಿದ್ದಾರೆ ಎಂಬುದು ನಿಮ್ಮ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ.